ಪ್ಯಾರಿ ಒತ್ತಿ ಕಾಯುತ್ತಾ ನಿಂತವನನ್ನು ಏನು ಮಾಡೋದು?

ಪ್ರಶ್ನೆ: ಸರ್, ನಾನೂ ನನ್ನ ಇಬ್ಬರು ಗೆಳೆಯರೂ ಸೇರಿ ಒಂದು 2ಡಿ ಫೈಟಿಂಗ್ ಗೇಮ್ ಮಾಡುತ್ತಿದ್ದೇವೆ. ಅದರಲ್ಲಿ ಪ್ಯಾರಿ ಇಟ್ಟಿದ್ದೇವೆ. ಏಟು ತಾಗುವ ಹೊತ್ತಿಗೆ ಸರಿಯಾಗಿ ಬಟನ್ ಒತ್ತಿದರೆ ಏಟು ತಪ್ಪುತ್ತದೆ, ತಿರುಗಿಸಿ ಹೊಡೆಯಲು ಅವಕಾಶ ಸಿಗುತ್ತದೆ. ಒತ್ತಿದ ಮೇಲೆ 8 ಫ್ರೇಮ್ (ಪರದೆಯ ಒಂದೊಂದು ಚಿತ್ರವೇ ಒಂದು ಫ್ರೇಮ್) ಕೆಲಸ ಮಾಡುತ್ತದೆ. ಏಟು ಬರದೇ ಹೋದರೆ 10 ಫ್ರೇಮ್ ಸುಮ್ಮನೆ ನಿಲ್ಲಬೇಕು. ಒಟ್ಟು ಲೈಫ್ 1000. ಪ್ಯಾರಿ ಆದ ಮೇಲೆ ಸುಮಾರು 400 ಡ್ಯಾಮೇಜಿನ ಕಾಂಬೊ, ಅಂದರೆ ಸಾಲು ಏಟು, ಸಿಗುತ್ತದೆ. ಥ್ರೋ (ಹಿಡಿದು ಎಸೆಯುವುದು) ಮೇಲೆ ಪ್ಯಾರಿ ನಡೆಯುವುದಿಲ್ಲ, ಥ್ರೋ ಡ್ಯಾಮೇಜ್ 120. ಮೊದಲ ವಾರ ಎಲ್ಲರಿಗೂ ಭಾರಿ ಖುಷಿ. ಈಗ ಆಡುವವರಿಬ್ಬರೂ ದೂರ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಯಾರೂ ಮೊದಲು ಹೊಡೆಯುವುದಿಲ್ಲ. ಒಬ್ಬ ಗೆಳೆಯ ಪ್ಯಾರಿಯನ್ನೇ ತೆಗೆದುಬಿಡೋಣ ಅನ್ನುತ್ತಾನೆ. ಇನ್ನೊಬ್ಬ 8 ಫ್ರೇಮನ್ನು 3ಕ್ಕೆ ಇಳಿಸೋಣ ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರು, ಮೈಸೂರು

ಉತ್ತರ: ಇಬ್ಬರ ಮಾತೂ ಬೇಡ. ತೆಗೆದುಬಿಟ್ಟರೆ ಮೊದಲ ವಾರದ ಆ ಖುಷಿಯೂ ಅದರ ಜೊತೆ ಹೋಗುತ್ತದೆ. 3 ಫ್ರೇಮ್‌ಗೆ ಇಳಿಸಿದರೆ ಈಗಿನ ತೊಂದರೆ ಹಾಗೇ ಉಳಿದು, ಹೊಸಬರು ಮಾತ್ರ ಜಾಗ ಖಾಲಿ ಮಾಡುತ್ತಾರೆ. ನಿಮ್ಮ ಪ್ಯಾರಿ ಎಷ್ಟು ಬಲವಾಗಿದ್ದರೂ ನನಗೆ ಚಿಂತೆಯಿಲ್ಲ. ಅದು ಪುಕ್ಕಟೆ ಸಿಗುತ್ತಿದೆ, ಎಡವಟ್ಟು ಇರುವುದು ಅಲ್ಲಿ.

ಒಂದು ಹಳೇ ಕಥೆ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಲ್ಲಿ ಸ್ಟ್ರೀಟ್ ಫೈಟರ್ 2 ಮೆಷಿನ್. ಅಂಗಡಿಯಲ್ಲಿ ನಮ್ಮದೇ ಒಂದು ಕಾನೂನು: ಥ್ರೋ ಮಾಡುವ ಹಾಗಿಲ್ಲ. ಥ್ರೋ ಅಂದರೆ ಮೋಸ, ಮಾಡಿದವನಿಗೆ ಬೈಗುಳ ಗ್ಯಾರಂಟಿ. ಒಬ್ಬ ಅಣ್ಣ ಬರುತ್ತಿದ್ದ, ಯಾವಾಗಲೂ ಗೈಲ್‌ನನ್ನೇ ಆರಿಸುತ್ತಿದ್ದ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬ್ಲಾಕ್ ಹಿಡಿದು, ಅಂದರೆ ಏಟು ತಡೆಯುತ್ತಾ, ಕಾಯುವುದು. ದೂರ ನಿಂತರೆ ಸಾನಿಕ್ ಬೂಮ್, ಹಾರಿ ಬಂದರೆ ಫ್ಲ್ಯಾಶ್ ಕಿಕ್. ಹತ್ತಿರ ಹೋಗಿ ಏನು ಹೊಡೆದರೂ ಬ್ಲಾಕ್. ನಾವೆಲ್ಲ ನಾಣ್ಯದ ಮೇಲೆ ನಾಣ್ಯ ಹಾಕಿ ಸೋತು, ಗೈಲ್ ಅನ್ನುವ ಕ್ಯಾರೆಕ್ಟರೇ ಸರಿಯಿಲ್ಲ ಅಂತ ಬೈದುಕೊಂಡು ಮನೆಗೆ ಹೋಗುತ್ತಿದ್ದೆವು. ಎಷ್ಟೋ ವರ್ಷ ಆದಮೇಲೆ ತಲೆಗೆ ಹೊಳೆಯಿತು. ಬ್ಲಾಕ್ ಹಿಡಿದು ಕೂತವನಿಗೆ ಆ ಗೇಮ್ ಮಾಡಿದವರು ಕೊಟ್ಟಿದ್ದ ಮುಖ್ಯ ಉತ್ತರವೇ ಥ್ರೋ. ಅದನ್ನು ನಾವೇ ಕಿತ್ತು ಹೊರಗೆ ಎಸೆದಿದ್ದೆವು. ಬೀಗ ನಾವೇ ಹಾಕಿ, ಬಾಗಿಲು ತೆಗೀತಿಲ್ಲ ಅಂತ ಅತ್ತ ಹಾಗೆ.

ನಿಮ್ಮ ಗೇಮ್‌ನಲ್ಲೂ ಹೆಚ್ಚು ಕಡಿಮೆ ಇದೇ ಆಗಿದೆ. ಥ್ರೋ ಇದೆ ನಿಜ, ಆದರೆ 120 ಡ್ಯಾಮೇಜಿಗೆ ಯಾರು ಹೆದರುತ್ತಾರೆ? ಬನ್ನಿ, ಲೆಕ್ಕ ಮಾಡಿ ನೋಡೋಣ.

ಎದುರಾಳಿ ಹತ್ತಿರ ಬಂದಿದ್ದಾನೆ ಅಂತಿಟ್ಟುಕೊಳ್ಳಿ. ಅವನು ಹೊಡೆಯಬಹುದು, ಇಲ್ಲಾ ಥ್ರೋ ಮಾಡಬಹುದು. ನೀವು ಪ್ಯಾರಿ ಒತ್ತುತ್ತೀರಿ. ಅವನು ಹೊಡೆದಿದ್ದರೆ ನಿಮಗೆ 400 ಲಾಭ. ಥ್ರೋ ಮಾಡಿದ್ದರೆ 120 ನಷ್ಟ. ಅವನು ನೂರಕ್ಕೆ 23 ಸಲ ಹೊಡೆದು, ಉಳಿದ 77 ಸಲ ಥ್ರೋ ಮಾಡಿದರೆ ಲಾಭ ನಷ್ಟ ಸರಿಹೋಗುತ್ತದೆ. ಅದಕ್ಕಿಂತ ಒಂದು ಸಲ ಜಾಸ್ತಿ ಹೊಡೆದರೂ ಪ್ಯಾರಿ ಒತ್ತಿದವನಿಗೇ ಲಾಭ. ಅಂದರೆ ನಿಮ್ಮ ಗೇಮ್‌ನಲ್ಲಿ ದಾಳಿ ಮಾಡುವವನು ನಾಲ್ಕರಲ್ಲಿ ಮೂರು ಸಲ ಥ್ರೋ ಮಾಡುತ್ತಲೇ ಇರಬೇಕು. ಅದು ಯಾರಿಗೆ ಇಷ್ಟ ಹೇಳಿ? ಯಾರಿಗೂ ಇಷ್ಟವಿಲ್ಲ. ಅದಕ್ಕೇ ದೂರ ನಿಂತಿದ್ದಾರೆ. ನಿಮ್ಮ ಆಟಗಾರರು ಸೋಮಾರಿಗಳಲ್ಲ, ಲೆಕ್ಕ ಬಲ್ಲವರು.

ಈಗ ಆ 10 ಫ್ರೇಮ್ ವಿಷಯ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ಕಣ್ಣಲ್ಲಿ ನೋಡಿ ಕೈ ಒತ್ತಲು ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ಅದರ ಮೇಲೆ ಎದುರಾಳಿಯ ಅತಿ ವೇಗದ ಏಟು ತಾಗಲು 4–5 ಫ್ರೇಮ್. ಟಿವಿ, ಕಂಟ್ರೋಲರ್ ತಿನ್ನುವ ತಡ ಬೇರೆ. ಒಟ್ಟು 20ಕ್ಕೆ ಹೋಯಿತು. ನಿಮ್ಮವನು ಪ್ಯಾರಿ ಒತ್ತಿದ್ದು ಸುಳ್ಳಾಯಿತು ಅಂತ ಎದುರಾಳಿಗೆ ಗೊತ್ತಾಗುವ ಹೊತ್ತಿಗೆ ಆ 10 ಫ್ರೇಮ್ ಮುಗಿದು, ನಿಮ್ಮವನು ಮತ್ತೆ ಬ್ಲಾಕ್ ಹಿಡಿದಾಗಿದೆ. ಕಾಗದದ ಮೇಲೆ ದಂಡ ಇದೆ, ವಸೂಲಿ ಮಾಡುವವರಿಲ್ಲ. ಆ ಅಂಕಿಯನ್ನು ಕನಿಷ್ಠ 24–25 ಮಾಡಿ. ಆಗ ನೋಡಿ ಹೊಡೆಯಲು ಸಮಯ ಸಿಗುತ್ತದೆ. ನಿಮ್ಮ ಪಟ್ಟಿಯಲ್ಲಿ ಒಂದೇ ಒಂದು ಅಂಕಿ ಬದಲಿಸಬೇಕು ಅಂದರೆ ನಾನು ಮೊದಲು ಕೈ ಹಾಕುವುದು ಇದಕ್ಕೆ.

8ನ್ನು 3 ಮಾಡುವುದು ಯಾಕೆ ಬೇಡ? ರಕ್ಷಣೆ ಜೋರಾಯಿತು ಅಂದ ತಕ್ಷಣ ಎಲ್ಲರ ಕೈಯೂ ಮೊದಲು ಹೋಗುವುದು ಟೈಮಿಂಗ್ ಬಿಗಿ ಮಾಡುವುದಕ್ಕೆ. ನಾನೂ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಬಿಗಿ ಮಾಡಿದರೆ ಪ್ಯಾರಿ ಯಾರ ಕೈಯಿಂದ ಜಾರುತ್ತದೆ? ಅದನ್ನು ಅಷ್ಟಾಗಿ ಬಳಸದೇ ಇದ್ದವರ ಕೈಯಿಂದ. ದಿನಾ ನಾಲ್ಕು ಗಂಟೆ ಅಭ್ಯಾಸ ಮಾಡುವವನು ಎರಡು ವಾರದಲ್ಲಿ 3 ಫ್ರೇಮ್ ಕೂಡ ಕಲಿತುಬಿಡುತ್ತಾನೆ. ಆಮೇಲೆ ಅವನ ಕೈಯಲ್ಲಿ ಪ್ಯಾರಿ ಅಷ್ಟೇ ಬಲವಾಗಿ, ಅಷ್ಟೇ ಪುಕ್ಕಟೆಯಾಗಿ ಇರುತ್ತದೆ. ಇದರ ಮೇಲೆ ಆನ್‌ಲೈನ್ ಬೇರೆ. ನೆಟ್‌ವರ್ಕ್ ತಡವನ್ನು ಮುಚ್ಚುವ ರೋಲ್‌ಬ್ಯಾಕ್ ತಂತ್ರ ಇದ್ದರೂ ಎದುರಾಳಿಯ ಏಟಿನ ಮೊದಲ ಒಂದೆರಡು ಫ್ರೇಮ್ ನಿಮಗೆ ಕಾಣದೇ ಹೋಗಬಹುದು. 3 ಫ್ರೇಮ್‌ನ ಆಟ ಅಲ್ಲಿ ಲಾಟರಿ.

ಇನ್ನು ಟೈಮಿಂಗ್ ಧಾರಾಳವಾಗಿದ್ದೂ ಬಾಳಿದ ಗೇಮ್ ಒಂದು ಕಣ್ಣ ಮುಂದೆಯೇ ಇದೆ. 1999ರಲ್ಲಿ ಬಂದ ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್. ಅದರಲ್ಲಿ ನೆಲದ ಮೇಲಿನ ಪ್ಯಾರಿಗೆ ಸುಮಾರು 10 ಫ್ರೇಮ್ ಅವಕಾಶ, ಮೀಟರ್ (ವಿಶೇಷ ದಾಳಿಗೆ ಕೂಡಿಡುವ ಶಕ್ತಿ) ಖರ್ಚು ಇಲ್ಲವೇ ಇಲ್ಲ. ನಿಮ್ಮದಕ್ಕಿಂತಲೂ ಉದಾರ ಅಲ್ವಾ? ಆದರೆ ಒಂದು ತಿರುವು ಇಟ್ಟರು. ಬ್ಲಾಕ್‌ಗೆ ಹಿಂದಕ್ಕೆ ಒತ್ತಬೇಕು, ಪ್ಯಾರಿಗೆ ಮುಂದಕ್ಕೆ ತಟ್ಟಬೇಕು. ಪ್ಯಾರಿ ಬೇಕು ಅಂದರೆ ಆ ಕ್ಷಣ ಬ್ಲಾಕ್ ಬಿಡಲೇಬೇಕು. ಲೆಕ್ಕ ತಪ್ಪಿದರೆ ಏಟು ಪೂರ್ತಿ ಮೈಮೇಲೆ.

2004ರ ಇವೊ ಅನ್ನುವ ಫೈಟಿಂಗ್ ಗೇಮ್ ಟೂರ್ನಮೆಂಟಿನಲ್ಲಿ ಇದೇ ಗೇಮ್ ಆಡಿದ ಆ ವಿಡಿಯೋ ನೀವು ನೋಡಿರುತ್ತೀರಿ. ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದದ್ದು. ಡೈಗೊ ಉಮೆಹಾರನ ಕೆನ್, ಜಸ್ಟಿನ್ ವಾಂಗ್‌ನ ಚುನ್‌-ಲಿ. ಕೆನ್‌ನ ಲೈಫ್ ಬಾರ್‌ನಲ್ಲಿ ಒಂದು ಎಳೆ ಮಾತ್ರ ಉಳಿದಿದೆ. ಆ ಗೇಮ್‌ನಲ್ಲಿ ಸೂಪರ್ ಅನ್ನುವ ದೊಡ್ಡ ದಾಳಿಯನ್ನು ಬ್ಲಾಕ್ ಮಾಡಿದರೂ ಸ್ವಲ್ಪ ಸ್ವಲ್ಪ ಲೈಫ್ ಹೋಗುತ್ತದೆ, ಅದೇ ಚಿಪ್ ಡ್ಯಾಮೇಜ್. ಆ ಎಳೆಗೆ ಅಷ್ಟೇ ಸಾಕು. ಹಾಗಾಗಿ ಬ್ಲಾಕ್ ಅನ್ನುವ ದಾರಿ ಆಗಲೇ ಮುಚ್ಚಿಹೋಗಿದೆ. ಜಸ್ಟಿನ್ ಸೂಪರ್ ಬಿಟ್ಟ, 15 ಒದೆತ. ಡೈಗೊ ಮುಂದಕ್ಕೆ, ಮುಂದಕ್ಕೆ, ಮುಂದಕ್ಕೆ ತಟ್ಟುತ್ತಾ ಹೋದ. ಮೊದಲನೆಯದನ್ನು ನೋಡಿ ಒತ್ತಲು ಸಮಯವೇ ಇರಲಿಲ್ಲ, ಬರುತ್ತದೆ ಅಂತ ಊಹಿಸಿ ಒತ್ತಿದ್ದು. ಕೊನೆಯ ಒದೆತವನ್ನು ನೆಗೆದು ಗಾಳಿಯಲ್ಲೇ ಪ್ಯಾರಿ ಮಾಡಿ, ಇಳಿಯುತ್ತಾ ಕಾಂಬೊ ಶುರು ಮಾಡಿ ರೌಂಡ್ ಮುಗಿಸಿದ. ಸಭೆಯಲ್ಲಿದ್ದ ಜನ ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿದೆ. ಅವನು ಆ ಟೂರ್ನಮೆಂಟ್ ಗೆಲ್ಲಲಿಲ್ಲ, ಫೈನಲ್‌ನಲ್ಲಿ ಸೋತ. ಅದು ಯಾರಿಗೂ ನೆನಪೇ ಇಲ್ಲ.

ಆ 15ರಲ್ಲಿ ಒಂದು ತಪ್ಪಿದ್ದರೂ ಅವನು ಸೋಲುತ್ತಿದ್ದ. ಅಷ್ಟು ದೊಡ್ಡ ಪಣ ಇಟ್ಟಿದ್ದಕ್ಕೇ ಅಷ್ಟು ದೊಡ್ಡ ಕೂಗು. ಇಂಥ ಕ್ಷಣ ನಿಮ್ಮ ಗೇಮ್‌ನಲ್ಲೂ ಬೇಕು ತಾನೇ? ಹಾಗಿದ್ದರೆ ಪ್ಯಾರಿಯ ಬಲ ಹಾಗೇ ಇರಲಿ, ಅದರ ಜೊತೆ ಪಣ ಇಡಿಸಿ.

ಹಾಗಂತ ಥರ್ಡ್ ಸ್ಟ್ರೈಕ್‌ನ ಪ್ಯಾರಿಗೆ ದೋಷವಿಲ್ಲ ಅಂತಲ್ಲ. ದೂರದಿಂದ ಬರುವ ಫೈರ್‌ಬಾಲನ್ನು ಪ್ಯಾರಿ ಮಾಡುವುದರಲ್ಲಿ ಪಣವೇ ಇಲ್ಲ. ಬರುವುದು ಕಣ್ಣಿಗೆ ಕಾಣುತ್ತದೆ, ಹೊತ್ತಿಗೆ ಸರಿಯಾಗಿ ತಟ್ಟಿದರಾಯಿತು. ಹಾಗಾಗಿ ಆ ಗೇಮ್‌ನಲ್ಲಿ ಫೈರ್‌ಬಾಲ್ ಬಿಟ್ಟು ಆಡುವ ಶೈಲಿ ಬಹಳ ಸೊರಗಿತು. ಹಾರಿ ಬರುವವನೂ ಗಾಳಿಯಲ್ಲೇ ಪ್ಯಾರಿ ಮಾಡಬಹುದಾದ್ದರಿಂದ ಹಾರಿದವನನ್ನು ಕೆಳಗಿನಿಂದ ಹೊಡೆದು ಬೀಳಿಸುವ ನಂಬಿಕೆಯೂ ಹೋಯಿತು. ನಿಮ್ಮ ಗೇಮ್‌ನಲ್ಲಿ ಎಸೆಯುವ ಅಸ್ತ್ರಗಳಿದ್ದರೆ ಅವುಗಳ ಮೇಲಿನ ಪ್ಯಾರಿಗೆ ಲಾಭ ಕಡಿಮೆ ಇಡಿ. ತಪ್ಪಿಸಿಕೊಂಡ, ಅಷ್ಟೇ. ಊಹೆ ಮಾಡಿ ಗೆದ್ದವನಿಗೂ, ಸುಮ್ನೆ ನೋಡಿ ಒತ್ತಿದವನಿಗೂ ಒಂದೇ ಕೂಲಿ ಕೊಟ್ಟರೆ ಹೇಗೆ?

2023ರ ಸ್ಟ್ರೀಟ್ ಫೈಟರ್ 6ರಲ್ಲಿ ಕ್ಯಾಪ್‌ಕಾಮ್ ಪ್ಯಾರಿಯನ್ನು ಮತ್ತೆ ತಂದಿತು. ಈ ಸಲ ಲೆಕ್ಕ ಬಹಳ ಎಚ್ಚರದಿಂದ ಹಾಕಿದ್ದಾರೆ. ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಎರಡು ಬಟನ್ ಒತ್ತಿ ಹಿಡಿದರೆ ಸಾಕು, ಮೇಲಿನ ಏಟು, ಕೆಳಗಿನ ಏಟು, ತಲೆ ದಾಟಿ ಹಿಂದಿನಿಂದ ಬರುವ ಏಟು, ಎಲ್ಲವನ್ನೂ ತಾನೇ ತಡೆಯುತ್ತದೆ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಹಿಡಿದಷ್ಟು ಹೊತ್ತು ಡ್ರೈವ್ ಗೇಜ್ ಅನ್ನುವ ಶಕ್ತಿಯ ಪಟ್ಟಿ ಸೋರುತ್ತಲೇ ಇರುತ್ತದೆ. ಗೇಜ್ ಪೂರ್ತಿ ಬರಿದಾದರೆ ಬರ್ನ್‌ಔಟ್. ಆಗ ಪ್ಯಾರಿಯೂ ಇಲ್ಲ, ಬ್ಲಾಕ್ ಮಾಡಿದರೂ ಚಿಪ್ ಡ್ಯಾಮೇಜ್. ಪ್ಯಾರಿ ಹಿಡಿದವನನ್ನು ಥ್ರೋ ಮಾಡಿದರೆ ಡ್ಯಾಮೇಜ್ 1.7 ಪಟ್ಟು. ಸಾಮಾನ್ಯ ಥ್ರೋಗೆ 1200 ಹೋಗುವ ಕಡೆ 2040 ಹೋಗುತ್ತದೆ. ಹೆಚ್ಚಿನ ಕ್ಯಾರೆಕ್ಟರ್‌ಗಳ ಒಟ್ಟು ಲೈಫ್ 10,000, ಅಂದರೆ ಐದನೇ ಒಂದು ಭಾಗ ಒಂದೇ ಥ್ರೋಗೆ. ಇನ್ನು ಒತ್ತಿದ ಮೊದಲ 2 ಫ್ರೇಮ್‌ನೊಳಗೆ ಏಟು ಬಂದರೆ ಪರ್ಫೆಕ್ಟ್ ಪ್ಯಾರಿ. ಕ್ಯಾಮೆರಾ ಹತ್ತಿರ ಬರುತ್ತದೆ, ಕಾಲ ನಿಂತ ಹಾಗಾಗುತ್ತದೆ, ನೋಡಲು ಮಜಾ. ಆದರೆ ಅದಾದ ಮೇಲೆ ಹೊಡೆಯುವ ಕಾಂಬೊ ಡ್ಯಾಮೇಜ್ ಅರ್ಧ.

ಈ ಎರಡು ಅಂಕಿಗಳನ್ನು ನಿಮ್ಮ ಗೇಮ್‌ಗೆ ಹಾಕಿ ನೋಡಿ. ಪ್ಯಾರಿಯ ಲಾಭ 400ರ ಅರ್ಧ, 200. ಪ್ಯಾರಿ ಒತ್ತಿದವನ ಮೇಲಿನ ಥ್ರೋ 120ರ 1.7 ಪಟ್ಟು, 204. ಈಗ ದಾಳಿ ಮಾಡುವವನು ಎರಡರಲ್ಲಿ ಒಂದು ಸಲ ಧೈರ್ಯವಾಗಿ ಹೊಡೆಯಬಹುದು. ಎಲ್ಲಿ ನಾಲ್ಕರಲ್ಲಿ ಒಂದು, ಎಲ್ಲಿ ಎರಡರಲ್ಲಿ ಒಂದು! ಟೈಮಿಂಗ್ ಮುಟ್ಟಿಲ್ಲ, ಪ್ಯಾರಿ ಏಟು ತಡೆಯುವ ಬಲ ಮುಟ್ಟಿಲ್ಲ. ಹೊಸಬನಿಗೂ 8 ಫ್ರೇಮ್ ಸಿಗುತ್ತದೆ, ಅವನ ಮೊದಲ ಪ್ಯಾರಿಯ ಖುಷಿಯೂ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಬೆಲೆ ಎದುರಾಳಿಯ ಕಣ್ಣಿಗೆ ಕಾಣಬೇಕು. ಗಿಲ್ಟಿ ಗಿಯರ್ ಸರಣಿಯ ಬರ್ಸ್ಟ್ ಇದೆಯಲ್ಲ, ಅದು ಎಂಥ ಜೋರು ಅಸ್ತ್ರ ನೋಡಿ. ಏಟು ತಿನ್ನುತ್ತಿರುವಾಗಲೇ ಒತ್ತಿದರೆ ಸ್ಫೋಟದ ಹಾಗೆ ಎದುರಾಳಿಯನ್ನು ದೂರ ತಳ್ಳಿಬಿಡುತ್ತದೆ. ಆದರೂ ಅದರ ಮೇಲೆ ಜನರಿಗೆ ಅಷ್ಟು ಸಿಟ್ಟಿಲ್ಲ. ಬರ್ಸ್ಟ್ ಗೇಜ್ ಇಬ್ಬರಿಗೂ ಪರದೆಯ ಮೇಲೆ ಕಾಣುತ್ತದೆ. ತುಂಬಲು ಬಹಳ ಹೊತ್ತು ಬೇಕು. ತುಂಬಿದೆ ಅಂತ ಕಂಡರೆ ದಾಳಿ ಮಾಡುವವನು ಕಾಂಬೊವನ್ನು ಬೇಕಂತಲೇ ಅರ್ಧಕ್ಕೆ ನಿಲ್ಲಿಸಿ ಬ್ಲಾಕ್ ಹಿಡಿಯುತ್ತಾನೆ. ಬರ್ಸ್ಟ್ ಪೋಲಾಯಿತು, ಒತ್ತಿದವನು ಗಾಳಿಯಲ್ಲಿ ದಿಕ್ಕಿಲ್ಲದೆ ನೇತಾಡುತ್ತಾನೆ. 2013ರ ಕಿಲ್ಲರ್ ಇನ್‌ಸ್ಟಿಂಕ್ಟ್ ಇನ್ನೂ ಸೊಗಸು. ಕಾಂಬೊ ಮುರಿಯಬೇಕು ಅಂದರೆ ಬರುತ್ತಿರುವ ಏಟು ಲೈಟಾ, ಮೀಡಿಯಮ್ಮಾ, ಹೆವಿಯಾ ಅಂತ ಗುರುತಿಸಿ ಅದೇ ಬಲದ ಎರಡು ಬಟನ್ ಒತ್ತಬೇಕು. ತಪ್ಪಿದರೆ ಕೆಲವು ಸೆಕೆಂಡ್ ಲಾಕ್‌ಔಟ್, ಮತ್ತೆ ಪ್ರಯತ್ನಿಸುವ ಹಾಗಿಲ್ಲ. ಹೊಡೆಯುವವನು ಇವನು ಈಗ ಮುರಿಯುತ್ತಾನೆ ಅಂತ ಊಹಿಸಿ ಕೌಂಟರ್ ಬ್ರೇಕರ್ ಹಾಕಬಹುದು. ಆದರೆ ಇವನು ಮುರಿಯಲು ಹೋಗದೇ ಸುಮ್ಮನಿದ್ದರೆ ಅವನೇ ಬಯಲಾಗುತ್ತಾನೆ. ಏಟು ತಿನ್ನುವವನೂ ಆಡುತ್ತಲೇ ಇರುತ್ತಾನೆ.

ನಿಮ್ಮ ಪ್ಯಾರಿ ಸುಳ್ಳಾದಾಗ ಕ್ಯಾರೆಕ್ಟರ್ ಏನು ಮಾಡುತ್ತದೆ? ನಿಂತಲ್ಲೇ ನಿಲ್ಲುತ್ತದೆ ಅಂದಿರಿ. ಹಾಗೆ ಬೇಡ. ಕೈ ಕೆಳಗೆ ಬೀಳಲಿ, ಮೈ ಒಂದು ಕಡೆ ವಾಲಲಿ, ಒಂದು ಬೇರೆ ಶಬ್ದ ಬರಲಿ. ಎದುರಾಳಿಗೆ "ಈಗ ಹೊಡಿ" ಅಂತ ಕೂಗಿ ಹೇಳಿದ ಹಾಗಿರಬೇಕು. ಇದು ಚಿತ್ರ ಬಿಡಿಸುವವರ ಕೆಲಸ ಅಂತ ಬ್ಯಾಲೆನ್ಸ್ ಪಟ್ಟಿಯಿಂದ ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇದು ಐದಾರು ಫ್ರೇಮ್‌ಗೆ ಸಮ.

ಇಷ್ಟೆಲ್ಲ ಮಾಡಿದ ಮೇಲೂ ಲೈಫ್‌ನಲ್ಲಿ ಮುಂದಿರುವವನು ದೂರ ನಿಂತು ಟೈಮರ್ ಓಡಿಸಬಹುದು. ಅದಕ್ಕೆ ಮದ್ದು ಪ್ಯಾರಿಯೊಳಗಿಲ್ಲ. ಪ್ರೊ ಕಬಡ್ಡಿ ನೋಡುತ್ತೀರಾ? ಒಂದು ತಂಡದ ರೈಡರ್‌ಗಳು ಸಾಲಾಗಿ ಎರಡು ಸಲ ಖಾಲಿ ಕೈಯಲ್ಲಿ ವಾಪಸ್ ಬಂದರೆ ಆ ತಂಡದ ಮೂರನೆಯದು ಡು-ಆರ್-ಡೈ ರೈಡ್. ಪಾಯಿಂಟ್ ತರಬೇಕು, ಇಲ್ಲದಿದ್ದರೆ ಔಟ್. ಆ ನಿಯಮ ಇಲ್ಲದಿದ್ದರೆ ಮುಂದಿರುವ ತಂಡ ಗೆರೆ ಮುಟ್ಟಿ ಮುಟ್ಟಿ ವಾಪಸ್ ಬರುತ್ತಾ ಸಮಯ ತಳ್ಳುತ್ತಿತ್ತು. ಅದೇ ಹೊತ್ತಿಗೆ ಹಿಡಿಯುವವರನ್ನೂ ಕೈಬಿಟ್ಟಿಲ್ಲ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಹಿಡಿತದ ಬಲ ಕಡಿಮೆ ಮಾಡದೇ ಆಟಕ್ಕೆ ವೇಗ ತಂದರು ನೋಡಿ. ಫೈಟಿಂಗ್ ಗೇಮ್‌ನಲ್ಲಿ ಇದರ ಅಣ್ಣ ಇದ್ದಾನೆ: ಗಿಲ್ಟಿ ಗಿಯರ್‌ನ ನೆಗೆಟಿವ್ ಪೆನಾಲ್ಟಿ. ಸುಮ್ಮನೆ ಓಡಿಹೋಗುತ್ತಾ ಕಾಲ ತಳ್ಳಿದರೆ ಎಚ್ಚರಿಕೆ ಬರುತ್ತದೆ, ಆಮೇಲೂ ಹಾಗೇ ಮಾಡಿದರೆ ವಿಶೇಷ ದಾಳಿಗೆ ಬೇಕಾದ ಟೆನ್ಷನ್ ಗೇಜ್ ಖಾಲಿ. ನಿಮಗೆ ಇದು ಬೇಕಾಗದೇ ಇರಬಹುದು. ಮೇಲಿನ ಲೆಕ್ಕ ಸರಿ ಮಾಡಿದ ಮೇಲೂ ನಿಂತೇ ಇದ್ದರೆ ಮಾತ್ರ ಯೋಚಿಸಿ.

ಬದಲಾಯಿಸುವ ಭರದಲ್ಲಿ ಆಚೆ ದಡಕ್ಕೆ ಹೋಗಿ ಬೀಳಬೇಡಿ. ಟೆಕ್ಕೆನ್ 8ಕ್ಕೆ 2025ರ ಏಪ್ರಿಲ್‌ನಲ್ಲಿ ಬಂದ ಸೀಸನ್ 2 ಪ್ಯಾಚ್‌ನಲ್ಲಿ ದಾಳಿಗೆ ಬಲ ಎಷ್ಟು ಜಾಸ್ತಿಯಾಯಿತು ಅಂದರೆ, ಬ್ಲಾಕ್ ಹಿಡಿದು ಊಹಿಸುತ್ತಾ ಕೂರುವುದೇ ಕೆಲಸವಾಯಿತು ಅಂತ ಆಟಗಾರರು ಸಿಡಿದೆದ್ದರು. ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಕೆಟ್ಟ ವಿಮರ್ಶೆಗಳ ಮಳೆ. ಗೇಮ್ ಮಾಡಿದವರು ಅದೇ ತಿಂಗಳಲ್ಲಿ ತಿದ್ದುಪಡಿ ಪ್ಯಾಚ್ ಬಿಡಬೇಕಾಯಿತು. ನನಗಂತೂ ಗೋಡೆಯ ಹಾಗೆ ನಿಲ್ಲುವ ಗೇಮ್‌ಗಿಂತ ಉಸಿರು ಬಿಡಲು ಬಿಡದ ಗೇಮ್ ಜಾಸ್ತಿ ಬೇಸರ. ಗೋಡೆಯನ್ನು ಒಡೆಯುವ ಉಪಾಯವನ್ನಾದರೂ ಯೋಚಿಸಬಹುದು.

ಒಂದನ್ನೇ ಪದೇ ಪದೇ ಮಾಡುವವರ ಕಾಟ ನಿಮ್ಮಲ್ಲಿದ್ದರೆ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್‌ನಿಂದ ಒಂದು ಉಪಾಯ ಎತ್ತಿಕೊಳ್ಳಬಹುದು. 2018ರ ಆ ಗೇಮ್‌ನಲ್ಲಿ ಸಾಲಾಗಿ ಡಾಡ್ಜ್ (ಏಟಿನಿಂದ ಜಾರಿಕೊಳ್ಳುವುದು) ಮಾಡಿದಷ್ಟೂ ಡಾಡ್ಜ್ ನಿಧಾನವಾಗುತ್ತದೆ, ಏಟು ತಾಗದ ಫ್ರೇಮ್‌ಗಳೂ ಕಡಿಮೆಯಾಗುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಪ್ಯಾರಿಗೂ ಇದು ಒಗ್ಗುತ್ತದೆ.

ಕೊನೆಗೆ, ಪರೀಕ್ಷೆ ಮಾಡುವ ಬಗೆ. ಎಲ್ಲ ಅಂಕಿಗಳನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೊದಲ ವಾರ 10 ಫ್ರೇಮನ್ನು 25 ಮಾಡಿ ಆಡಿಸಿ. ಎರಡನೇ ವಾರ ಥ್ರೋ ಡ್ಯಾಮೇಜ್. ಮೂರನೇ ವಾರ ಕಾಂಬೊ ಅರ್ಧ ಮಾಡಿ. ಆ ಹೊತ್ತಿಗೆ ಅರ್ಧ ಮಾಡುವ ಅಗತ್ಯವೇ ಕಾಣದೇ ಹೋದರೆ 300ಕ್ಕೆ ನಿಲ್ಲಿಸಿ ನೋಡಿ. ಯಾರು ಗೆದ್ದರು ಅಂತ ಬರೆದುಕೊಳ್ಳುವುದರಿಂದ ಪ್ರಯೋಜನ ಕಡಿಮೆ, ಯಾಕೆಂದರೆ ಇಬ್ಬರ ಹತ್ತಿರವೂ ಅದೇ ಪ್ಯಾರಿ ಇರುತ್ತದೆ. ರೌಂಡ್ ಶುರುವಾಗಿ ಮೊದಲ ಏಟು ಬೀಳಲು ಎಷ್ಟು ಸೆಕೆಂಡ್ ಹಿಡಿಯಿತು, ರೌಂಡಿಗೆ ಎಷ್ಟು ಸಲ ಪ್ಯಾರಿ ಒತ್ತಿದರು, ಅದರಲ್ಲಿ ಎಷ್ಟು ಫಲಿಸಿತು, ಸುಳ್ಳಾದವುಗಳಲ್ಲಿ ಎಷ್ಟಕ್ಕೆ ಏಟು ಬಿತ್ತು, ಈ ನಾಲ್ಕನ್ನು ಗೇಮ್ ತಾನೇ ಫೈಲಿಗೆ ಬರೆಯುವ ಹಾಗೆ ಮಾಡಿ. ಹತ್ತು ಸಾಲಿನ ಕೋಡ್, ಅಷ್ಟೇ. ನಾಲ್ಕನೆಯ ಅಂಕಿ ಈಗ ಸೊನ್ನೆಯ ಹತ್ತಿರ ಇದೆ ಅಂತ ನಾನು ಬೆಟ್ ಕಟ್ಟುತ್ತೇನೆ. ಅದು ಮೂರರಲ್ಲಿ ಒಂದಕ್ಕೆ ಬಂದ ದಿನ ನಿಮ್ಮ ಆಟಗಾರರು ತಾವಾಗಿಯೇ ಮುಂದೆ ಬಂದು ಹೊಡೆಯಲು ಶುರು ಮಾಡಿರುತ್ತಾರೆ. ಪ್ಯಾರಿ ತೆಗೆಯೋಣ ಅಂದ ಗೆಳೆಯನನ್ನೇ ಅವತ್ತು ಮೊದಲು ಆಡಲು ಕೂರಿಸಿ.